ಮುನಿಶಾಮಪ್ಪನ ಹೆಗಲ ಮೇಲಿನ ಟವೆಲ್ಲು

"ಮದ್ರಾಸ್ ಐ ಚಿಂತಾಮಣಿಗಾದ್ರೂ ಬರ್ಲಿ, ಶಿಡ್ಲಘಟ್ಟಕ್ಕಾದ್ರೂ ಬರ್ಲಿ. ನನ್ನ ಹೊಸ್ತಿಲು ದಾಟಿದ ದಿನ ಹುಳ ಮೇಯಿಸೋದೇ ಬಿಟ್ಬಿಡ್ತೀನಿ ಕಣ್ರಪ್ಪ."

ಜಂಗಮಕೋಟೆಯ ಟೀ ಅಂಗಡಿ ಮುಂದೆ ಮುನಿಶಾಮಪ್ಪ ಹೀಗೆ ಭೀಷಣ ಪ್ರತಿಜ್ಞೆ ಮಾಡಿದಾಗ ಯಾರೂ ನಗಲಿಲ್ಲ. ರೇಷ್ಮೆ ಹುಳ ಸಾಕುವುದರಲ್ಲಿ ಆತನ ಶಿಸ್ತು ಅಂಥದ್ದು. ಆತನ ಹುಳದ ಮನೆಗೆ ಸಾಕ್ಷಾತ್ ದೇವೇಂದ್ರನೇ ಬಂದರೂ ಐರಾವತವನ್ನು ಆಚೆ ಕಟ್ಟಿ, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ, ಸೋಪು ಹಾಕಿ ಕೈ ತೊಳೆದೇ ಒಳಗೆ ಹೋಗಬೇಕು. ಸ್ವಂತ ಹೆಗಲ ಮೇಲಿನ ಟವೆಲ್ಲಿಗೂ ಅಲ್ಲಿ ಪ್ರವೇಶವಿಲ್ಲ. ಅದು ಹೊರಗಿನ ಗೂಟದಲ್ಲಿ ನೇತಾಡುತ್ತಾ ಯಜಮಾನನಿಗಾಗಿ ಕಾಯುತ್ತಿತ್ತು.

ಹೊತ್ತೂ ಸೂಕ್ಷ್ಮದ್ದು. ಹುಳಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದು ಬಕಾಸುರನಂತೆ ಸೊಪ್ಪು ಮೇಯುತ್ತಿದ್ದವು. ಹಣ್ಣಾಗಿ ನೂಲು ಬಿಡಲು ಸಿದ್ಧವಾದ ದಿನವೇ ಮನೆಮಂದಿಯೆಲ್ಲ ಕೂತು ಅವನ್ನು ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ಗೂಡು ಕಟ್ಟಿ ಬೆಳೆ ಹಾಳು. ಅಂಥ ಸಮಯದಲ್ಲಿ ಮನೆಯವರ ಕಣ್ಣೇ ಕೈಕೊಟ್ಟರೆ ಗತಿಯೇನು?

ಈ ರೋಗ ಕಣ್ಣಿಂದ ಕಣ್ಣಿಗೆ ಹಾರುತ್ತದೆ ಎಂಬುದು ಮುನಿಶಾಮಪ್ಪನ ಸಿದ್ಧಾಂತ. ಕೆಂಗಣ್ಣಿನವರು ನೋಡಿದರೆ ಹುಳಕ್ಕೂ ತಗಲುತ್ತದೆ ಎಂಬುದು ಉಪಸಿದ್ಧಾಂತ. ಹಾಗಾಗಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಮನೆಯವರಿಗೆಲ್ಲ ಕಪ್ಪು ಕನ್ನಡಕ ತಂದು ಹಂಚಿದ.

"ಇದನ್ನ ಹಾಕ್ಕೊಂಡು ಸಾಸಿವೆ ಯಾವ್ದು ರಾಗಿ ಯಾವ್ದು ಅಂತ ಹೆಂಗೆ ನೋಡ್ಲಿ?" ಎಂದಳು ಹೆಂಡತಿ ವೆಂಕಟರತ್ನಮ್ಮ.

"ಸಿಡಿದ್ರೆ ಸಾಸಿವೆ" ಎಂದ ಮುನಿಶಾಮಪ್ಪ.

ಅವತ್ತೇ ಸಂಜೆ ಮೊಮ್ಮಗಳು ಯಾಮಿನಿ ಸ್ಕೂಲಿನಿಂದ ಕಣ್ಣುಜ್ಜುತ್ತಾ ಬಂದಳು. ಕಣ್ಣು ಹಣ್ಣುಮೆಣಸಿನಕಾಯಿ. ಮುನಿಶಾಮಪ್ಪ ಗಬಕ್ಕನೆ ಕಪ್ಪು ಕನ್ನಡಕ ಏರಿಸಿಕೊಂಡ.

"ನೋಡ್ಬೇಡ, ತಾತನ್ನ ನೋಡ್ಬೇಡ" ಎಂದು ಕೂಗಿಕೊಂಡ. ಮಗು ಗೊಳೋ ಎಂದು ಅತ್ತಿತು. ತಾತನ ಕರುಳು ಚುರುಕ್ಕೆಂದಿತು. ಮುಖ ಆ ಕಡೆ ತಿರುಗಿಸಿಕೊಂಡು, ಹೆಗಲ ಟವೆಲ್ಲಿನಿಂದ ಅವಳ ಕಣ್ಣು, ಮೂಗು ಎಲ್ಲ ಒರೆಸಿದ. ಟವೆಲ್ಲು ಮತ್ತೆ ಹೆಗಲೇರಿತು. ಊಟವಾದ ಮೇಲೆ ಅದರಲ್ಲೇ ಆತ ಬಾಯಿ ಒರೆಸಿಕೊಂಡ, ಮಗ ಮುನೇಶ ಮುಖ ಒರೆಸಿಕೊಂಡ, ವೆಂಕಟರತ್ನಮ್ಮ ಒಲೆ ಹೊಗೆಗೆ ಬಂದ ಕಣ್ಣೀರು ಒರೆಸಿಕೊಂಡಳು. ಆ ಮನೆಯಲ್ಲಿ ಯಾವತ್ತೂ ನಡೆದುಬಂದದ್ದೇ ಹಾಗೆ.

ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ ಸೊಸೆ ಕವಿತ ಮಾರನೇ ದಿನ ಬಂದು ಹೇಳಿದಳು. "ಮಾವ, ನೋಡಿದ್ರೆ ಅಂಟಲ್ವಂತೆ. ಕೈಯಿಂದ, ಟವೆಲ್ಲಿಂದ, ದಿಂಬಿಂದ ಬರ್ತದಂತೆ. ಆಗಾಗ ಸೋಪಾಕಿ ಕೈ ತೊಳೀಬೇಕು, ಕಣ್ಣು ಉಜ್ಜಬಾರ್ದು. ಒಬ್ಬರ ಡ್ರಾಪ್ಸ್ ಇನ್ನೊಬ್ಬರು ಬಿಟ್ಕೋಬಾರ್ದು. ಆ ಟವೆಲ್ ಇಲ್ಲಿ ಕೊಡಿ, ಬಿಸಿನೀರಿಗೆ ಹಾಕ್ತೀನಿ."

"ಟವೆಲ್ಲಿಗೇನಮ್ಮ ಕಣ್ಣಿದೆಯಾ, ನನ್ನ ನೋಡೋಕೆ?"

ಕವಿತ ತನ್ನದೊಂದು ಟವೆಲ್ಲನ್ನು ಮಾತ್ರ ಬೇರೆ ಇಟ್ಟುಕೊಂಡಳು.

ಅದರ ಮರುದಿನ ಮುನಿಶಾಮಪ್ಪನಿಗೆ ಎಚ್ಚರವಾದರೂ ಕತ್ತಲೆ ಹೋಗಲಿಲ್ಲ.

"ರತ್ನಾ, ಇನ್ನೂ ಬೆಳಗಾಗಿಲ್ವೇನೇ?"

"ಡೈರಿಗೆ ಹಾಲು ಹಾಕಿ ಬಂದಾಯ್ತು."

ಆತ ಗಾಬರಿಯಿಂದ ಎದ್ದು ಕೂತ. ಕಣ್ಣೇ ಹೋಯಿತೆಂದುಕೊಂಡ. ಬೆರಳಿಂದ ತಡವಿದರೆ ರೆಪ್ಪೆಗಳು ಅಂಟು ಹಾಕಿದಂತೆ ಕೂತಿದ್ದವು. ಕವಿತ ಒದ್ದೆ ಹತ್ತಿ ಕೊಟ್ಟು ಮೆಲ್ಲಗೆ ಬಿಡಿಸಿಕೊಳ್ಳಲು ಹೇಳಿದಳು. ಕಣ್ಣು ಬಿಟ್ಟವನಿಗೆ ಮೊದಲು ಕಂಡದ್ದು ಹೆಂಡತಿಯ ಕೆಂಗಣ್ಣು, ಅದರ ಹಿಂದೆ ಮಗನ ಕೆಂಗಣ್ಣು.

"ಇನ್ನೊಂದು ವಿಷ್ಯ ಮಾವ," ಎಂದಳು ಕವಿತ. "ಹುಳ ಹಣ್ಣಾಗವೆ."

ಮುನಿಶಾಮಪ್ಪ ಗೋಡೆ ಹಿಡಿದು ಕೂತುಬಿಟ್ಟ. ಅಷ್ಟರಲ್ಲಿ ಹುಳ ಆರಿಸಲು ಮುಯ್ಯಾಳಾಗಿ ಬರಬೇಕಿದ್ದ ಪಕ್ಕದ ಮನೆ ಆವುಲಪ್ಪ ಹೆಂಡತಿ ಮಕ್ಕಳ ಸಮೇತ ಬಂದು, ಜಗುಲಿಯ ಮೇಲೆ ಸಾಲಾಗಿ ಕೂತ ಕಪ್ಪು ಕನ್ನಡಕಗಳನ್ನು ಕಂಡು ಗೇಟಿನಲ್ಲೇ ನಿಂತ.

"ಏನಣ್ಣ, ಮನೇಲಿ ಸಿನಿಮಾ ಶೂಟಿಂಗಾ?" ಎಂದವನು ವಿಷಯ ಹೊಳೆದು ಹಿಂದಕ್ಕೆ ಹೆಜ್ಜೆ ಇಟ್ಟ. ಮುನಿಶಾಮಪ್ಪನಿಗೆ ಇಡೀ ಬೆಳೆಯೇ ಗೇಟು ದಾಟಿ ಹೋದಂತಾಯಿತು.

"ನೋಡಿದ್ರೆ ಬರಲ್ಲ ಅಣ್ಣ. ನೀವು ಇವರ್ಯಾರನ್ನೂ ಮುಟ್ಬೇಡಿ, ಸೋಪಾಕಿ ಕೈ ತೊಳ್ಕೊಂಡು ಸೀದಾ ಹುಳದ ಮನೆಗೆ ಬನ್ನಿ" ಎಂದು ಕವಿತ ಕರೆದಳು. ಆವುಲಪ್ಪ ಅರೆಮನಸ್ಸಿನಿಂದಲೇ ಒಳಗೆ ಬಂದ. ಹಿಂದೆಯೇ ನುಗ್ಗಲು ಹೋದ ಮಾವನನ್ನು ಸೊಸೆ ಬಾಗಿಲಲ್ಲೇ ತಡೆದಳು.

"ರೋಗ ಇರೋರು ಒಳಗೆ ಬರಂಗಿಲ್ಲ ಮಾವ. ನೀವೇ ಮಾಡಿರೋ ಕಾನೂನು."

ದಿನವಿಡೀ ಹುಳದ ಮಹಾಪಂಡಿತ ತನ್ನದೇ ಹುಳದ ಮನೆಯ ಹೊರಗೆ ಕೂತು ಕಣ್ಣೀರು ಸುರಿಸಿದ. ಅರ್ಧ ರೋಗದ್ದು, ಅರ್ಧ ಅವಮಾನದ್ದು. ಸಂಜೆಗೆ ಹುಳಗಳೆಲ್ಲ ಚಂದ್ರಿಕೆ ಸೇರಿ ನೂಲು ಬಿಡತೊಡಗಿದವು ಎಂದು ಕೇಳಿದ ಮೇಲೆಯೇ ಆತನಿಗೆ ಹಸಿವಾದದ್ದು.

ಅಡುಗೆಮನೆ ಹೊಸ್ತಿಲಲ್ಲಿ ಬಕೆಟ್ಟು, ಸೋಪು ಇಟ್ಟುಕೊಂಡು ವೆಂಕಟರತ್ನಮ್ಮ ನಿಂತಿದ್ದಳು.

"ಕೈ ತೊಳ್ಕೊಂಡು ಬನ್ನಿ."

"ಇದೇನು ಹುಳದ ಮನೇನಾ?"

"ಅದಕ್ಕೇ ಹೇಳಿದ್ದು. ಒಳಗೆ ಅಷ್ಟು ಸಾವಿರ ಹುಳ, ಒಂದಕ್ಕೂ ಏನೂ ಆಗಿಲ್ಲ. ನೀವು ಕೈ ತೊಳೀದೆ ಮುಟ್ಟಿದ್ದು ನಮ್ಮನ್ನ ಮಾತ್ರ."

ಮುನಿಶಾಮಪ್ಪ ಬಕೆಟ್ಟಿನ ಮುಂದೆ ಕೂತು ಕೈ ತೊಳೆದ. ಆಮೇಲೆ ಟೀ ಅಂಗಡಿಯ ಪ್ರತಿಜ್ಞೆ ನೆನಪಾಗಿ, ಸಣ್ಣ ದನಿಯಲ್ಲಿ ಕೇಳಿದ. "ಹಂಗಾದ್ರೆ ಹುಳ ಮೇಯಿಸೋದು ಬಿಟ್ಬಿಡ್ಲೇನೇ?"

ವೆಂಕಟರತ್ನಮ್ಮ ಆತನ ಹೆಗಲ ಕಡೆ ಕೈ ಚಾಚಿದಳು.

"ಹುಳ ಬಿಡೋದೇನೂ ಬೇಡ. ಟವೆಲ್ ಬಿಡಿ."