ಕೊಟ್ಟಿಗೆ ಸೇರಿದ ಫೋನು

ವಾರಕ್ಕೆ ಒಂದಾದರೂ ರಾದ್ಧಾಂತ ನಡೆಯದಿದ್ದರೆ ನಮ್ಮ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದೇ ಅರ್ಥ. ನಾನು ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಬಂದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಈ ಬುದ್ಧಿಯನ್ನು ನಾನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರುವುದಿಲ್ಲ ಎನ್ನುವುದು ನಮ್ಮತ್ತೆಯ ದೂರು. ಮನೆ ಇರುವುದು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಟೊಮೆಟೊ ತೋಟ ನೋಡಿಕೊಳ್ಳುವ ಯಜಮಾನರು, ಅತ್ತೆ, ಅತ್ತೆಯ ಸೀಮೆಹಸು, ನಮ್ಮ ಒಬ್ಬಳೇ ಮಗಳು. ಇದು ನಡೆದಾಗ ಮಗಳಿಗೆ ಎರಡೂವರೆ ವರ್ಷ, ಇನ್ನೂ ಮಾತು ಬಂದಿರಲಿಲ್ಲ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಮಾತ್ರ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಮಹಡಿ ಮೇಲಿನ ಊಟ

ಮಗು ಹುಟ್ಟುವ ಮೊದಲು ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ನನಗಿದ್ದಷ್ಟು ಖಚಿತ ಅಭಿಪ್ರಾಯಗಳು ಇನ್ಯಾರಿಗೂ ಇರಲಿಲ್ಲ. ಐದು ವರ್ಷದವರೆಗೆ ಮಕ್ಕಳ ಕೈಗೆ ಫೋನು ಕೊಡಲೇಬಾರದು ಎಂದು ಕ್ಯಾಂಟೀನಿನಲ್ಲಿ ಬಸುರಿ ಹೆಂಗಸರನ್ನು ಕೂರಿಸಿಕೊಂಡು ಪಾಠ ಮಾಡಿದ್ದೆ. ಆ ಅಭಿಪ್ರಾಯ ರಾಗಿಸರಿಯ ಮೊದಲ ಬಟ್ಟಲಿನವರೆಗೆ ಉಳಿದಿತ್ತು. ಮಗಳು ತುಟಿ ಬಿಗಿದಳು. ಯಜಮಾನರು ಫೋನಿನಲ್ಲಿ ಕುಣಿಯುವ ಆನೆಯನ್ನು ತೋರಿಸಿದರು. ಬಾಯಿ ತಾನಾಗಿ ತೆರೆಯಿತು. ಅವತ್ತಿನಿಂದ ಆನೆ ಇಲ್ಲದೆ ಊಟ ಇಲ್ಲ ಎಂದಾಯಿತು.

ಒಂದು ಭಾನುವಾರ ಮಧ್ಯಾಹ್ನ ಊಟದ ನಡುವೆ ನೆಟ್‌ವರ್ಕ್ ಹೋಯಿತು. ಆನೆ ಒಂದು ಕಾಲೆತ್ತಿಕೊಂಡು ನಿಂತುಬಿಟ್ಟಿತು. ಮಗಳು ಬಾಯಲ್ಲಿ ಅನ್ನ ಇಟ್ಟುಕೊಂಡು ಕೂತಳು, ನುಂಗಲೂ ಇಲ್ಲ, ಉಗಿಯಲೂ ಇಲ್ಲ. ಎಲ್ಲರೂ ಮಹಡಿಗೆ ಓಡಿದೆವು. ಯಜಮಾನರು ನೀರಿನ ಟ್ಯಾಂಕ್ ಹತ್ತಿ ಒಂದು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದರು. ಅದರ ಹಾಟ್‌ಸ್ಪಾಟಿನಿಂದ ಇಳಿದ ನೆಟ್ಟಿನಲ್ಲಿ ನಾನು ಕೆಳಗೆ ಇನ್ನೊಂದು ಫೋನಿನಲ್ಲಿ ಆನೆ ಕುಣಿಸಿದೆ. ಅತ್ತೆ ಬಟ್ಟಲು ಹಿಡಿದು ತುತ್ತು ಇಟ್ಟರು. ಒಂದು ಮಗುವಿನ ಊಟಕ್ಕೆ ಮೂರು ಜನ.

ಪಕ್ಕದ ಮಹಡಿಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಅಜ್ಜಿ ಇದನ್ನೆಲ್ಲ ನೋಡುತ್ತ ನಿಂತಿದ್ದರು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಾವೂ ಮಹಡಿ ಮ್ಯಾಗೇ ಉಣ್ಣುಸ್ತಿದ್ವಿ ಕಣಮ್ಮ, ಚಂದ್ರನ್ನ ತೋರ್ಸಿ. ಆದ್ರೆ ಚಂದ್ರನಿಗೆ ಅಂತ ಯಾವ ಗಂಡ್ಸೂ ಟ್ಯಾಂಕ್ ಅತ್ತಿರ್ಲಿಲ್ಲ" ಎಂದರು.

ರೈಲಿನ ಸಲಹೆಗಳು

ಎರಡು ವರ್ಷಕ್ಕೆ ಮಗು ಎಷ್ಟು ಮಾತಾಡಬೇಕು ಎಂದು ಹೇಳುವ ಆ್ಯಪ್ ಒಂದನ್ನು ಹಾಕಿಕೊಂಡಿದ್ದೆ. ಪಟ್ಟಿಯಲ್ಲಿ ನನ್ನ ಮಗಳಿಗೆ ಸಿಕ್ಕಿದ ಟಿಕ್ ಮೂರು. ಅವುಗಳಲ್ಲಿ ಒಂದು ಸೀನು. ಉಳಿದದ್ದಕ್ಕೆಲ್ಲ ಅವಳ ಹತ್ತಿರ ಬೆರಳು ಇತ್ತು. ಬೇಡವಾದ ಜಾಹೀರಾತನ್ನು ಪರದೆಯ ಮೂಲೆ ಒತ್ತಿ ದಾಟಿಸುವುದನ್ನು ಕಲಿತಿದ್ದಳು. ಅಪ್ಪ ಬುದ್ಧಿ ಹೇಳಲು ಶುರು ಮಾಡಿದರೆ ಅವರ ಗಲ್ಲದ ಬಲಮೂಲೆಯನ್ನು ಒತ್ತಿ ಕಾಯುತ್ತಿದ್ದಳು.

ಪಟ್ಟಿಯನ್ನು ಅತ್ತೆಗೆ ತೋರಿಸಿದೆ. ಅವರು ತಲೆಯೆತ್ತದೆ, ನಿನ್ನ ಗಂಡನೂ ನಾಲ್ಕು ವರ್ಷದವರೆಗೆ ಮಾತಾಡಿರಲಿಲ್ಲ, ಆಮೇಲೂ ಮಾತಾಡಿ ಏನು ಗುಡ್ಡೆ ಹಾಕಿದ ಎಂದು ಕೇಳಿದರು. ಯಜಮಾನರು ಅಲ್ಲೇ ಇದ್ದರು. ಏನೂ ಮಾತಾಡಲಿಲ್ಲ.

ಬೆಳಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ನಾನು ಕೋರಮಂಡಲ್‌ನಲ್ಲಿ ಇಳಿಯುತ್ತೇನೆ. ದಾರಿ ಚಿಕ್ಕದು, ಸಲಹೆಗೆ ಧಾರಾಳ ಸಾಕು. ನನ್ನ ಮುಖ ನೋಡಿ ಹೆಂಗಸರು ಕೇಳಿದರು, ನಾನು ಹೇಳಿಬಿಟ್ಟೆ. ಒಬ್ಬರು ಬಜೆ ತೇಯ್ದು ನಾಲಿಗೆಗೆ ಹಚ್ಚು ಎಂದರು. ಇನ್ನೊಬ್ಬರು ಗಿಣಿ ಕಚ್ಚಿದ ಸೀಬೆಹಣ್ಣು ತಿನ್ನಿಸು ಎಂದರು. ಮೂರನೆಯವರು ಎಲ್ಲರನ್ನೂ ಸುಮ್ಮನಿರಿಸಿ, ತಮ್ಮ ಪಕ್ಕಕ್ಕೆ ನನ್ನನ್ನು ಎಳೆದುಕೂರಿಸಿಕೊಂಡರು. ಈ ಊರಲ್ಲಿ ತಮಿಳು, ತೆಲುಗು, ಕನ್ನಡ ಎಲ್ಲ ಕಿವಿಗೆ ಬಿದ್ದು ಮಕ್ಕಳ ತಲೆ ಕೆಡುತ್ತದೆ, ಇದೇ ನಿನ್ನ ಮಗಳ ಕಾಯಿಲೆ, ಒಂದನ್ನೇ ಹೇಳಿಕೊಡಬೇಕು ಎಂದು ವಿವರಿಸಿದರು. ಇಳಿಯುವಾಗ ನನ್ನ ಕೈ ಹಿಡಿದು ಕಡೆಯ ಮಾತು ಹೇಳಿದರು:

"ಮಗೂಗೆ ಒಂದೇ ಭಾಷೆ ಸೊಲ್ಲಿ ಕುಡುಮ್ಮ, ಲೇದಂಟೆ ಕನ್‌ಫ್ಯೂಸ್ ಆಗೋಯ್ತದೆ."

ಡಾಕ್ಟರ ಪ್ರಶ್ನೆ

ಕೊನೆಗೆ ಬಂಗಾರಪೇಟೆಯ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಬೇರೆ ಜಿಲ್ಲೆಯಿಂದ ಬಂದವರು, ಮೆಲುಮಾತಿನವರು. ಕಿವಿ ನೋಡಿದರು, ಗಂಟಲು ನೋಡಿದರು, ಎಲ್ಲ ಸರಿಯಿದೆ ಎಂದರು. ಆಮೇಲೆ ಮಗು ದಿನಕ್ಕೆ ಎಷ್ಟು ಹೊತ್ತು ಫೋನು ನೋಡುತ್ತದೆ ಎಂದು ಕೇಳಿದರು.

ಯಜಮಾನರು ಅರ್ಧ ಗಂಟೆ ಎಂದರು. ಅದೇ ಹೊತ್ತಿಗೆ ನಾನು ಒಂದು ಗಂಟೆ ಎಂದೆ. ಡಾಕ್ಟರು ಇಬ್ಬರನ್ನೂ ಬಿಟ್ಟು ಅತ್ತೆಯ ಕಡೆ ತಿರುಗಿದರು. ಅತ್ತೆ ಸುಳ್ಳು ಹೇಳುವವರಲ್ಲ. "ಗಂಟೆ ಲೆಕ್ಕ ನಂಗ್ ತಿಳೀದು ಸ್ವಾಮಿ. ಒಂದ್ ಫೋನು ಸತ್ತೋದ್ ಮ್ಯಾಕೆ ಇನ್ನೊಂದ್ ಕೊಡ್ತೀವಿ" ಎಂದರು.

ಡಾಕ್ಟರು ನಗಲಿಲ್ಲ. ಮನೆಯಲ್ಲಿ ಮಗುವಿನ ಕಣ್ಣಿಗೆ ಫೋನು ಬೀಳಬಾರದು, ಅದರ ಮುಂದೆ ಸದಾ ಮಾತಾಡುತ್ತಿರಬೇಕು, ಮೂರು ತಿಂಗಳು ನೋಡೋಣ ಎಂದರು. ಆಗಲೂ ಮಾತು ಬರದಿದ್ದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುವುದಾಗಿಯೂ, ಅಲ್ಲಿಗೆ ವಾರವಾರ ಹೋಗಬೇಕಾಗುತ್ತದೆ ಎಂದೂ ಹೇಳಿದರು. ನನಗೆ ಹೆದರಿಕೆಯಾಗಿತ್ತು. ಮಗಳಿಗೆ ಏನೋ ಆಗಿದೆ ಎಂಬ ಹೆದರಿಕೆಗಿಂತ, ನಾನೇ ಮಾಡಿಬಿಟ್ಟೆ ಎಂಬ ಹೆದರಿಕೆ ದೊಡ್ಡದಿತ್ತು.

ಅಕ್ಕಿ ಡಬ್ಬ

ಮಾರನೆಯ ದಿನವೇ ಮನೆಯಲ್ಲಿ ಕಾನೂನು ಜಾರಿಯಾಯಿತು. ಮಗು ಎದ್ದಿರುವಾಗ ಮನೆಯೊಳಗೆ ಯಾರ ಫೋನೂ ಕಾಣಬಾರದು. ನಾನು ಮನೆಯಲ್ಲಿದ್ದಷ್ಟು ಹೊತ್ತೂ ಮಾತಾಡತೊಡಗಿದೆ. "ಅಮ್ಮ ಈಗ ಈರುಳ್ಳಿ ಹೆಚ್ಚುತ್ತಿದ್ದಾಳೆ. ಅಮ್ಮ ಈಗ ಒಲೆ ಹಚ್ಚುತ್ತಾಳೆ." ಯಜಮಾನರು ಒಳಗಿಂದ ಬಂದು, ಯಾವ ಅಮ್ಮ, ಯಾವಾಗ ಬಂದರು ಎಂದು ಕೇಳಿದರು. ಮಗಳು ನನ್ನ ಗಲ್ಲದ ಮೂಲೆ ಒತ್ತಿದಳು.

ಕಾರ್ಖಾನೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಒಂದು ದಿನ, ಮಗಳು ಏನಾದರೂ ಅಂದಳಾ ಎಂದು ಟೀ ಹೊತ್ತಿಗೆ ಮನೆಗೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಊಟದ ಹೊತ್ತಿಗೆ ಮಾಡಿದೆ. ಆಮೇಲೆ ಹತ್ತು ನಿಮಿಷಕ್ಕೊಂದು ಸಲ ಮಾಡಿದೆ. ಅವತ್ತು ಸರಿಯಾಗಿದ್ದ ಒಂದು ಟ್ರೇ ಮಾಲಿಗೆ ಪೂರ್ತಿ ಕೆಂಪು ಬಳಿದು ಮೇಲಿನವರಿಂದ ಬೈಸಿಕೊಂಡೆ. ಅರ್ಧ ದಿನ ರಜೆ ಹಾಕಿ, ಸಿಕ್ಕ ಬಸ್ಸು ಹಿಡಿದು, ಏದುಸಿರು ಬಿಡುತ್ತ ಮನೆ ಸೇರಿದರೆ ಅತ್ತೆ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಮಗಳು ಸಿಪ್ಪೆಯನ್ನೆಲ್ಲ ಮತ್ತೆ ಕಾಳಿನೊಳಗೆ ಹಾಕುತ್ತಿದ್ದಳು.

ಫೋನು ಎಲ್ಲಿ ಎಂದು ಕೇಳಿದೆ. ಅಕ್ಕಿ ಡಬ್ಬದಲ್ಲಿ ಎಂದರು. ಅಷ್ಟು ಸಲ ಹೊಡೆದುಕೊಂಡಿದ್ದು ಕೇಳಿಸಲಿಲ್ಲವೇ ಎಂದೆ.

"ಕೇಳುಸ್ದೆ ಏನು, ಬೆಳಗ್ಗಿಂದ ಡಬ್ಬ ಒಡ್ಕಂತಾನೇ ಐತೆ. ಮಗು ಮುಂದೆ ತೆಗೀಬ್ಯಾಡ ಅಂದೋರು ನೀನೋ, ನಾನೋ?"

ಹಸುವಿನ ವಿಡಿಯೊ

ಅದೇ ತಿಂಗಳು ನಮ್ಮ ಹಸುವಿನ ಕರು ಸತ್ತುಹೋಯಿತು. ಹತ್ತೇ ದಿನದ ಕರು. ಅತ್ತೆ ಎರಡು ಹೊತ್ತು ಊಟ ಬಿಟ್ಟರು. ಕರು ಹತ್ತಿರ ಇಲ್ಲದೆ ಹಸು ಹಾಲು ಬಿಡಲಿಲ್ಲ. ಕೈ ಹಾಕಿದರೆ ಒದೆಯುತ್ತಿತ್ತು. ಹಿಂದಿನ ಕಾಲದಲ್ಲಿ ಇಂಥ ಹೊತ್ತಿಗೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರಂತೆ. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ.

ಒಂದು ಸಂಜೆ ಕೆಲಸದಿಂದ ಬಂದಾಗ ಮನೆಯೊಳಗೆ ಯಾರೂ ಇರಲಿಲ್ಲ. ಕೊಟ್ಟಿಗೆಯಿಂದ ಕರುವಿನ ಕೂಗು ಕೇಳಿಸಿತು. ಸತ್ತ ಕರುವಿನದೇ ಕೂಗು. ಕೊಟ್ಟಿಗೆಗೆ ಓಡಿದೆ. ಗೊಂತಿನ ಕಂಬಕ್ಕೆ ಅತ್ತೆ ತಮ್ಮ ಫೋನನ್ನು ದಾರದಲ್ಲಿ ಕಟ್ಟಿದ್ದರು. ಬೇತಮಂಗಲಕ್ಕೆ ಕೊಟ್ಟಿರುವ ತಮ್ಮ ಮಗಳಿಗೆ ಕಳಿಸಲು ಹಿಡಿದಿದ್ದ ಕರುವಿನ ವಿಡಿಯೊ ಅದರಲ್ಲಿ ಮತ್ತೆಮತ್ತೆ ಓಡುತ್ತಿತ್ತು. ಹಸು ಪರದೆಯನ್ನು ನೆಕ್ಕುತ್ತ ಹಾಲು ಬಿಡುತ್ತಿತ್ತು. ಅತ್ತೆ ಹಾಲು ಕರೆಯುತ್ತಿದ್ದರು. ಫೋನಿನ ವಾಸನೆ ಹಿಡಿದು ಬಂದ ನನ್ನ ಮಗಳು ಅತ್ತೆಯ ಬೆನ್ನಿಗೆ ಆತುಕೊಂಡು ನಿಂತಿದ್ದಳು.

ನಾನು ಕೂಗಾಡಿದೆ. ಮೂರು ತಿಂಗಳು ಎಂದಿದ್ದಾರೆ, ಒಂದು ತಿಂಗಳೂ ತಡೆಯಲಾಗಲಿಲ್ಲವೇ, ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆಯೇ ಇಲ್ಲವೇ ಎಂದೆಲ್ಲ ಅಂದುಬಿಟ್ಟೆ. ಅತ್ತೆ ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡರು. ಮಗು ಆಗಲೇ ನೋಡಿ ಬೇಜಾರಾಗಿ ಅತ್ತ ತಿರುಗಿದೆ, ಒಂದೇ ಕರು, ಒಂದೇ ಕೂಗು, ಅದರಲ್ಲಿ ನೋಡೋಕೆ ಏನಿದೆ ಎಂದರು. ಕೊನೆಗೆ ಹಾಲಿನ ಚೊಂಬು ಎತ್ತಿಕೊಂಡು ಡೇರಿಗೆ ಹೊರಡುತ್ತ, "ಇದು ಅಸೂನ ಫೋನು. ಅಸು ದಿನಕ್ಕೆ ಎಷ್ಟ್ ಒತ್ತು ನೋಡ್ಬೋದು ಅಂತ ನಿನ್ ಡಾಕ್ಟ್ರುನ್ನ ಕೇಳ್ಕಂಡ್ ಬಾ" ಎಂದರು.

ಮೂರು ತಿಂಗಳ ಮೇಲೆ

ಅವಧಿ ಮುಗಿಯಿತು. ನನ್ನ ಮುಂದೆ ಮಗಳು ಅಮ್ಮ, ನೀರು, ಬೇಡ ಎನ್ನುವುದಕ್ಕಿಂತ ಮುಂದೆ ಹೋಗಿರಲಿಲ್ಲ. ಡಾಕ್ಟರ ಕೋಣೆಗೆ ನಾವು ನಾಲ್ವರೂ ಹೋದೆವು. ಅವರು ಚೆಂಡಿನ ಚಿತ್ರ ತೋರಿಸಿದರು, ಬಾಳೆಹಣ್ಣು ತೋರಿಸಿದರು, ನಾಯಿ ತೋರಿಸಿದರು. ಮಗಳು ಚಿತ್ರ ನೋಡಿದಳು, ಡಾಕ್ಟರನ್ನು ನೋಡಿದಳು, ಬಾಯಿ ಬಿಡಲಿಲ್ಲ. ಡಾಕ್ಟರು ಬಿಳಿ ಹಾಳೆ ಎಳೆದುಕೊಂಡು ಪೆನ್ನು ತೆಗೆದರು. ನನ್ನ ಕಣ್ಣು ತುಂಬಿತು. ಕತ್ತಲಿರುವಾಗಲೇ ಕೆಲಸಕ್ಕೆ ಹೊರಡುತ್ತೇನೆ ಡಾಕ್ಟರೇ, ಬರುವಾಗ ಕತ್ತಲಾಗಿರುತ್ತದೆ, ತಪ್ಪೆಲ್ಲ ನನ್ನದೇ ಎಂದೆ. ಯಜಮಾನರು ನನ್ನ ಭುಜದ ಮೇಲೆ ಕೈಯಿಟ್ಟರು.

ಬರೆಯುವ ಮೊದಲು ಇನ್ನೊಂದು ಸಲ ಕಿವಿ ನೋಡುತ್ತೇನೆ ಎಂದು ಡಾಕ್ಟರು ಎದ್ದು ಬಂದು ಮಗಳ ಮುಂದೆ ಬಗ್ಗಿದರು. ಮಗಳು ಅವರ ತೊಡೆಗೆ ಅಂಗೈಯಲ್ಲಿ ಫಟ್ಟೆಂದು ಒಂದು ಬಿಟ್ಟಳು.

"ಏಯ್, ಅತ್ಲಾಗ್ ಸರಿ. ಕಾಲು ಇಂದಕ್ ಇಕ್ಕು. ಸುಮ್ಕೆ ನಿಂತ್ಕಂಡ್ರೆ ಇಂಡಿ ಕೊಡ್ತೀನಿ."

ಡಾಕ್ಟರು ಅತ್ತ ಸರಿದರು. ಕಾಲು ಹಿಂದಕ್ಕೆ ಇಟ್ಟುಕೊಂಡರು. ತಾವು ಹಾಗೆ ಮಾಡಿದ್ದು ಅವರಿಗೆ ತಿಳಿದದ್ದು ಆಮೇಲೆ. ಹಿಂಡಿ ಎಂದರೆ ಏನು ಎಂದು ನನ್ನನ್ನು ಕೇಳಿದರು. ದನಕ್ಕೆ ಹಾಕುವುದು ಸರ್ ಎಂದೆ, ಅಳುತ್ತಲೇ ನಗುತ್ತ.

ಮನೆಯಲ್ಲಿ ಇವಳ ಜೊತೆ ಹೆಚ್ಚು ಮಾತಾಡುವವರು ಯಾರು ಎಂದು ಕೇಳಿದರು. ನಾನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, "ಮಗು ಜೊತೇಲಿ ಮಾತಾಡಾಕೆ ಯಾರ್ಗೆ ಪುರ್ಸೊತ್ತು ಸ್ವಾಮಿ? ನಾನು ಅಸು ಜೊತೆ ಮಾತಾಡ್ತೀನಿ. ಇವ್ಳು ಪಕ್ದಾಗೆ ಕುಂತಿರ್ತಾಳೆ" ಎಂದರು.

ಡಾಕ್ಟರು ಮಾತ್ರ ಪೆನ್ನು ಕೆಳಗಿಡಲಿಲ್ಲ. ಕೇಳಿದ್ದನ್ನು ಹಾಗೇ ಒಪ್ಪಿಸುವುದು ಬೇರೆ, ತನಗೆ ತೋಚಿದ್ದನ್ನು ಹೇಳುವುದು ಬೇರೆ, ಅವಳದೇ ಆದ ಒಂದು ಮಾತು ಕೇಳಿದರೆ ಸಾಕಿತ್ತು ಎಂದರು. ಮಗಳು ಅಲುಗದೆ ನಿಂತಿದ್ದ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅಜ್ಜಿಯ ಕಡೆ ಕೈ ಚಾಚಿದಳು. ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತಾರೆ.

"ಅವ್ವಾ, ಈ ಮಾಮ ಸುಮ್ಕೆ ನಿಂತೈತೆ. ಇಂಡಿ ಕೊಡು."

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಅತ್ತೆ ಚೀಲದಲ್ಲೆಲ್ಲ ತಡಕಾಡಿ ಒಂದು ಬಿಸ್ಕತ್ತು ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. ಅವಳು ಅದನ್ನು ಡಾಕ್ಟರ ಬಾಯಿಗೆ ಹಿಡಿದಳು. ಅವರು ಬಾಯಿ ತೆರೆದು ತಿಂದರು.