ಬಿಸ್ಕತ್ತಿನ ಡಬ್ಬಿಯ ಮೇಲಿನ ಮನೆ

ಮನೆ ಹೇಗೆ ನಿಲ್ಲುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲ ತಿಳಿದಿತ್ತು. ತಿಳಿದೇ ಕೆಡಿಸಿದೆ.

ತಂಬ್ರಹಳ್ಳಿಗೆ ಕರೆಂಟು ಬಂದ ಹೊಸತು. ತಮ್ಮ ಒಂದು ಬಿಸ್ಕತ್ತಿನ ಡಬ್ಬಿ ತಂದುಕೊಟ್ಟ. ತಗಡಿನ ಮುಚ್ಚಳದ ಮೇಲೆ ಮನೆಯ ಚಿತ್ರ. ಬಿಳಿ ಗೋಡೆಯ ತುಂಬಾ ಕರೀ ಮರ: ನಿಂತದ್ದು, ಮಲಗಿದ್ದು, ಓರೆಯಾದದ್ದು.

ಶಾಲೆಯ ಮಾಸ್ತರು ನೋಡಿ, "ಇಂಗ್ಲೆಂಡಿನ ರೈತರ ಹಳೇ ಮನಿ ಇದು. ಮೊದ್ಲು ಮರ ನಿಲ್ಲಿಸಿ, ಆಮ್ಯಾಲ ನಡುವ ಮಣ್ಣು ತುಂಬ್ತಾರ" ಎಂದರು.

ನಮ್ಮ ಮಾಳಿಗೆ ಮನೆಯೂ ಹಾಗೆಯೇ. ಮೊದಲು ಬೇವಿನ ಕಂಬ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಗೋಡೆ ಕೊನೆಗೆ. ನಮ್ಮ ಹಿರಿಯರು ದಡ್ಡರು, ಗೋಡೆಯ ಕಂಬಗಳಿಗೆ ಮಣ್ಣು ಮೆತ್ತಿ ಮುಚ್ಚಿದ್ದರು. ಅವನ್ನು ಲೋಕಕ್ಕೆ ತೋರಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂತು.

ಗಂಡ ಎತ್ತು ನೋಡಲು ಕೊಟ್ಟೂರಿಗೆ ಹೋದ ದಿನ ಸಲಿಕೆ ಹಿಡಿದು ಪಡಸಾಲೆಯ ಗೋಡೆ ಕೆರೆಯತೊಡಗಿದೆ. ಅಲ್ಲೇ ಅತ್ತೆ ಎಲೆಯಡಿಕೆ ಕುಟ್ಟುತ್ತಾ ಕೂತಿದ್ದಳು. ಸೊಂಟ ಹೋಗಿತ್ತು, ಎದ್ದು ಓಡುವಂತಿರಲಿಲ್ಲ.

"ಏನ್ ಕೆರಿಯಾಕತ್ತೀಯವ್ವ?"

"ಮನಿ ಚೆಂದ ಮಾಡಾಕತ್ತೀನಿ."

"ಅದಕ್ಕೇನಾಗಿತ್ತು?"

ಎರಡು ಕಂಬ ಸಿಕ್ಕವು. ಓರೆ ಮರ ಮಾತ್ರ ಸಿಗಲಿಲ್ಲ. ಚಿತ್ರದಲ್ಲಿದೆ ಎಂದ ಮೇಲೆ ಗೋಡೆಯಲ್ಲೂ ಇರಲೇಬೇಕು. ಕೆದರಿದೆ. ಮೊಳದಾಳ ಹೋದೆ. ಕೊನೆಗೆ ಓರೆಯಾದದ್ದು ಗೋಡೆ. ನಮ್ಮ ಕಡೆಗೇ ಕುಸಿದು ಕೂತಿತು.

ಧೂಳು ಇಳಿದ ಮೇಲೆ ನೋಡಿದರೆ, ಎದುರಿಗೆ ಪಕ್ಕದ ಮನೆಯ ಗಿರಿಯವ್ವ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಳೆ. ಎರಡು ಮನೆಗೂ ಅದೊಂದೇ ನಡುಗೋಡೆ. ನನಗೆ ನೆನಪಾದದ್ದು ಆಗ.

"ಬಾಗ್ಲಾಗ ಬರಾಕ ಏನಾಗಿತ್ತಲೇ ನಿನಗ?" ಎಂದಳು.

ನಾನು ಮೇಲೆ ನೋಡುತ್ತಿದ್ದೆ. ಆ ಬೇಸಿಗೆಯಲ್ಲೇ ಮಾಳಿಗೆಗೆ ಹತ್ತು ಬಂಡಿ ಮಣ್ಣು ಏರಿಸಿದ್ದೆವು. ಅದರ ಕೆಳಗೆ ಅತ್ತೆ. ಜಂತಿಯ ಸಂದಿಯಿಂದ ಮಣ್ಣು ಸುರಿಯಿತು. ನಾನೂ ಗಿರಿಯವ್ವನೂ ಹೋಗಿ ಅತ್ತೆಯ ರಟ್ಟೆಗೆ ಕೈ ಹಾಕಿದೆವು.

"ಬಿಡ್ರೇ," ಎಂದಳು ಮುದುಕಿ. "ಗೋಡಿ ಇರಾದು ಗಾಳಿ ತಡಿಯಾಕ. ಹೊತ್ತಿರಾದು ಕಂಬ. ನಾ ಮದುವ್ಯಾಗಿ ಬಂದಾಗ್ಲೇ ನಿಂತಿದ್ವು. ನಿನ್ನ ಸಲಿಕಿಗೆ ಹೆದರ್ತಾವೇನು?"

ಮತ್ತೆ ಕುಟ್ಟತೊಡಗಿದಳು.

ಸಂಜೆ ಗಂಡ ಬಂದು ಒಂದೊಂದೇ ಕಂಬ ಗುದ್ದಿ ನೋಡಿದ. ಯಾವುದೂ ಅಲುಗಿರಲಿಲ್ಲ. ಆಮೇಲೆ ಬೈಗುಳ ಶುರುವಾದವು. ಅಂದು ಅವೂ ಹಿತವಾಗಿಯೇ ಕೇಳಿದವು.

ಗೋಡೆ ಮತ್ತೆ ಎದ್ದಿತು. ಮೇಲೆ ಒಂದು ಗೇಣು ಕಿಂಡಿ ಉಳಿಯಿತು. ಗಂಡ ಆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತಂದು ಅಲ್ಲಿಗೆ ಬಡಿದ.

"ಚಿತ್ರ ಈ ಕಡಿ ಇರ್ಲಿ" ಎಂದೆ.

"ನೀ ನೋಡಿದ್ದು ಸಾಕು" ಎಂದ.

ಇಂಗ್ಲೆಂಡಿನ ಮನೆ ಗಿರಿಯವ್ವನ ಅಡುಗೆಮನೆಗೆ ಹೋಯಿತು. ನನ್ನ ಕಡೆ ಬರೀ ತಗಡು.