ಪೀರಪ್ಪನ ಲಿವರ್ ರಿಪೋರ್ಟು

ಸ್ಕ್ಯಾನಿಂಗ್ ರಿಪೋರ್ಟನ್ನು ಪೀರಪ್ಪ ಸುಮ್ಮನೆ ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಇಂಗ್ಲಿಷ್ ಓದಿಸಲೆಂದು ಅದನ್ನು ಪಕ್ಕದ ಮನೆಯ ಸಾಯಬಣ್ಣನ ಕೈಗೆ ಕೊಟ್ಟ. ಸಾಯಬಣ್ಣ ಕಮಲಾಪುರ ಬಸ್ಸಿನ ಕಂಡಕ್ಟರ್. ಟಿಕೆಟ್ಟಿಗೆ ದುಡ್ಡು ತೆಗೆದುಕೊಂಡು ಸುದ್ದಿಯನ್ನು ಪುಕ್ಕಟೆ ಹಂಚುವ ಧಾರಾಳಿ.

“ಲಿವರಿಗಿ ಕೊಬ್ಬು ಕುಂತದಂತ! ಪೀರಪ್ಪಣ್ಣ, ಎಷ್ಟು ವರ್ಷದಿಂದ ಕುಡಿಲಕತ್ತೀರಿ?”

“ಶಿವನೇ! ನಾ ಅದರ ವಾಸನಿ ಸುದಾ ನೋಡಿಲ್ಲೋ. ಕುಡೀದವರಿಗೂ ಬರ್ತದಂತ ಡಾಕ್ಟರ್ ಸಾಹೇಬ್ರೇ ಹೇಳ್ಯಾರ.”

“ಎಲ್ಲಾರೂ ಹಂಗೇ ಅಂತಾರ ಬಿಡ್ರಿ,” ಎಂದು ಕನಿಕರದಿಂದ ಬೆನ್ನು ತಟ್ಟಿ ಸಾಯಬಣ್ಣ ಡ್ಯೂಟಿಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಅವರಿರುವ ಶಹಾಬಜಾರದ ಓಣಿಯೆಲ್ಲ ಪೀರಪ್ಪನನ್ನು ಕಂಡು ಲೊಚಗುಟ್ಟುತ್ತಿತ್ತು. ಆಗ ಅವನ ಎದೆ ಧಸಕ್ಕೆಂದಿತು. ಬಸ್ಸು ಹೋಗಿರುವುದು ಕಮಲಾಪುರಕ್ಕೆ! ಅಲ್ಲಿನ ಚಂದ್ರಾಮಪ್ಪನ ಮಗನಿಗೆ ತನ್ನ ಮಗಳನ್ನು ಕೊಡುವ ಮಾತು ನಡೆದಿದೆ. ಇಂಥ ಮನೆತನ ಮತ್ತೆ ಸಿಗುವುದುಂಟೆ? ಹೆಂಡತಿ ನೀಲಗಂಗಮ್ಮನನ್ನು ಹೊರಡಿಸಿಕೊಂಡು, ತೊಗರಿ ಚೀಲದಂಥ ಹೊಟ್ಟೆಯನ್ನು ಹೊತ್ತು ಮುಂದಿನ ಬಸ್ಸು ಹತ್ತಿದ.

ಚಂದ್ರಾಮಪ್ಪನ ಪಡಸಾಲೆಯಲ್ಲಿ ನೀರು ಕುಡಿಯುವ ಮೊದಲೇ ಶುರು ಮಾಡಿದ.

“ಬೀಗರೇ, ಅದು ಕುಡದು ಬಂದದ್ದಲ್ರೀ, ತಿಂದು ಬಂದದ್ದು! ಹಗಲೆಲ್ಲ ಗಂಜ್ ಮಾರ್ಕೆಟ್ಟಿನ್ಯಾಗ ಅಂಗಡಿ ಗಾದಿ ಮ್ಯಾಲ ಕುಂತಿರ್ತೀನಿ. ಸಕ್ರಿ ಚಹಾ, ಮಿರ್ಚಿ ಭಜಿ. ಮನಿಗಿ ಬಂದ್ರ ಈಕಿ ಮಾಡಿದ ತುಪ್ಪದ ಹೋಳಗಿ. ಅವೆಲ್ಲ ಕಡಿಮಿ ಮಾಡಿ, ದಿನಾ ನಡದು ಹೊಟ್ಟಿ ಕರಗಿಸಿದ್ರ ಲಿವರ್ ಸುಧಾರಿಸ್ತದಂತ ಡಾಕ್ಟರ್ ಹೇಳ್ಯಾರ. ಆದ್ರ ಈಕಿ ಕೈರುಚಿ ಬಿಡಸಂಗಿಲ್ಲ ನೋಡ್ರಿ. ನಮ್ಮ ಮಗಳದೂ ಅದೇ ಕೈ!”

ಬಾಯಿ ಬಿಟ್ಟರೆ ಬಣ್ಣಗೇಡು. ಚಂದ್ರಾಮಪ್ಪ ಹೆಂಡತಿ ಬಂಡಮ್ಮನ ಮುಖ ನೋಡಿದ. ಬಂಡಮ್ಮ ಸೆರಗು ಸರಿಮಾಡಿಕೊಂಡಳು.

“ನೀವು ಕುಡೀತೀರಂತ ಮುಂಜಾನೇ ಕೇಳಿದ್ವಿ. ಕುಡದ್ರ ಕುಡೀಲಿ, ಬೀಗ ಅವರ ಊರಾಗ ಇರ್ತಾನ ಅಂತ ನುಂಗಿಕೊಂಡ್ವಿ. ಆದ್ರ ಅಡಗಿ ನಮ್ಮ ಮನಿಗೇ ಬರ್ತದಲ್ರೀ! ನಮ್ಮ ಹುಡುಗ ಈಗೇ ಹೊಟ್ಟಿ ಬಿಟ್ಟಾನ. ಈ ಸಂಬಂಧ ಬ್ಯಾಡ ಬಿಡ್ರಿ.”

ಪೀರಪ್ಪನಿಗೆ ಮನೆಯಲ್ಲಿ ದಾರಿ ಕಾಯುತ್ತಿರುವ ಮಗಳ ಮುಖ ಕಣ್ಣಮುಂದೆ ಬಂದು ಸಂಕಟವಾಯಿತು. ಎದ್ದು ಕೈ ಮುಗಿದ.

“ತಪ್ಪಾಯ್ತ್ರೀ ತಾಯಿ. ಇಷ್ಟೊತ್ತು ಸುಳ್ಳು ಹೇಳಿದೆ. ಮನ್ಯಾಗ ಬರೀ ರೊಟ್ಟಿ, ಪಲ್ಯ. ನಾ ಕುಡೀತೀನ್ರಿ. ಇಪ್ಪತ್ತು ವರ್ಷ ಆಯ್ತು.”

“ಹಂಗನ್ರೀ ಮತ್ತ!” ಚಂದ್ರಾಮಪ್ಪ ಎದ್ದು ಅವನನ್ನು ಅಪ್ಪಿಕೊಂಡ. ಬಂಡಮ್ಮ ಒಳಗಿನಿಂದ ಸಕ್ಕರೆ ತಂದು ಎಲ್ಲರ ಕೈಗೆ ಹಾಕಿ ಸಂಬಂಧ ಗಟ್ಟಿ ಮಾಡಿದಳು. ಪೀರಪ್ಪನಿಗೆ ಖುಷಿಯಿಂದ ಕಣ್ಣು ತುಂಬಿತು.

ಕಣ್ಣೊರೆಸಿಕೊಂಡು ಪಕ್ಕಕ್ಕೆ ತಿರುಗಿದ. ನೀಲಗಂಗಮ್ಮನ ಕೈಯಲ್ಲಿನ ಸಕ್ಕರೆ ಹಾಗೇ ಇತ್ತು.

“ಇಪ್ಪತ್ತು ವರ್ಷಾ?” ಎಂದಳು.